ಕಂಡಕ್ಟರ್ ಪೋಕರ್ ಇಂಗ್ಲಿಷಿನಲ್ಲಿ ಒಪ್ಪಿದ್ದು

ಕಂಡಕ್ಟರ್ ಪೋಕರನ ಹತ್ತಿರ 'ಹೌದು' ಎನ್ನಲು ಮರ್ಯಾದಸ್ಥ ಇಂಗ್ಲಿಷ್ ಇರಲಿಲ್ಲ.

ಬೇರೆ ಇಂಗ್ಲಿಷ್ ಇತ್ತು. ಟಿಕೇಟ್, ಹಾಫ್, ಫುಲ್, ಸೀಟ್, ಲಗೇಜ್, ಪಂಕ್ಚರ್. ಹದಿನೈದು ವರ್ಷ ಪುತ್ತೂರು-ಕಡಬ ಬಸ್ಸಿನ ಮೆಟ್ಟಿಲಲ್ಲಿ ನೇತಾಡಿ ಸಂಪಾದಿಸಿದ ಮಾತುಗಳು. ಇವುಗಳ ಪೈಕಿ ಎರಡು ಮಾತಿಗೆ ಮಾತ್ರ ಯಂತ್ರವನ್ನು ಆಡಿಸುವ ಶಕ್ತಿ ಇತ್ತು. 'ರೈಟ್' ಎಂದರೆ ಬಸ್ಸು ಹೊರಡುತ್ತಿತ್ತು, 'ಹೋಲ್ಡಾನ್' ಎಂದರೆ ನಿಲ್ಲುತ್ತಿತ್ತು. ಬಸ್ಸಿನಲ್ಲಿ ಗಂಟೆ ಇರಲಿಲ್ಲ. ಹಿಂದೆ ಇದ್ದ ಗಂಟೆಯ ಹಗ್ಗವನ್ನು ಯಾರೋ ಕರು ಕಟ್ಟಲು ಬಿಚ್ಚಿಕೊಂಡು ಹೋಗಿದ್ದರು; ಹಗ್ಗ ಹೋದ ಮೇಲೆ ಗಂಟೆ ಯಾಕೆಂದು ಅದನ್ನೂ ಇನ್ನೊಬ್ಬರು ಒಯ್ದಿದ್ದರು.

ಡ್ರೈವರ್ ಸಂಕಪ್ಪನಿಗೆ ಹಿಂದೆ ತಿರುಗಿ ನೋಡುವ ಅಭ್ಯಾಸವಿಲ್ಲ. ಹಿಂದಿನದ್ದು ಕಂಡಕ್ಟರನ ಜವಾಬ್ದಾರಿ, ಮುಂದಿನದ್ದು ತನ್ನದು ಎಂದು ಅವನು ಜಗತ್ತನ್ನು ಎರಡು ಪಾಲು ಮಾಡಿದ್ದ. ಪ್ರಯಾಣಿಕರು ಎಷ್ಟು ಬೊಬ್ಬೆ ಹಾಕಿದರೂ ಅವನು ನಿಲ್ಲಿಸುತ್ತಿರಲಿಲ್ಲ. ಜನ ಬೊಬ್ಬೆ ಹಾಕುವುದು ತಂತಮ್ಮ ಮನೆಯ ಎದುರಿಗೇ ಇಳಿಯುವುದಕ್ಕೆ ಎಂಬುದು ಅವನ ಹನ್ನೆರಡು ವರ್ಷದ ಅನುಭವ. ಅವನಿಗೆ ಪೋಕರನ ಗಂಟಲು ಒಂದೇ ಪ್ರಮಾಣ.

ಐವತ್ತೊಂಬತ್ತನೆಯ ಇಸವಿ ಫೆಬ್ರವರಿಯಲ್ಲಿ ಬಸ್ಸಿನ ಧಣಿ ಸರ್ವೋತ್ತಮ ರೈಗಳು ಪೋಕರನನ್ನು ಪುತ್ತೂರಿನ ಬುಕಿಂಗ್ ಆಫೀಸಿಗೆ ಕರೆಸಿದರು.

"ಪೋಕರೇ, ಶನಿವಾರ ಮೋಟಾರು ಇನ್‌ಸ್ಪೆಕ್ಟರು ನಮ್ಮ ಬಸ್ಸಿನಲ್ಲಿ ಕಡಬಕ್ಕೆ ಬರ್ತಾರೆ. ಎರಡನೇ ಬಸ್ಸಿಗೆ ಪರ್ಮಿಟ್ ಕೇಳಿದ್ದೇನಲ್ಲ, ಅದಕ್ಕೆ. ಅವ್ರು ಬರೆದು ಕೊಟ್ರೆ ಬಸ್ಸು ಉಂಟು. ಬಸ್ಸು ಎರಡಾದ್ರೆ ಒಬ್ಬ ಚೆಕ್ಕರ್ ಬೇಕು. ನಿನ್ನನ್ನೇ ಮಾಡುವ ಅಂತ ಉಂಟು."

ಚೆಕ್ಕರ್ ಎಂದರೆ ಬಸ್ಸಿನಲ್ಲಿ ಕೂತುಕೊಂಡು ಹೋಗುವವ. ಹದಿನೈದು ವರ್ಷದಲ್ಲಿ ಪೋಕರ್ ಆ ಬಸ್ಸಿನ ಸೀಟಿನಲ್ಲಿ ಕೂತದ್ದು ಒಂದೇ ಸಲ, ಅದೂ ಬಸ್ಸು ಗ್ಯಾರೇಜಿನಲ್ಲಿ ಚಕ್ರವಿಲ್ಲದೆ ನಿಂತಿದ್ದಾಗ. ಅವನ ಎಡ ಮೊಣಕಾಲು ಈಗೀಗ ಮೆಟ್ಟಿಲು ಹತ್ತುವಾಗ ಹಳೆಯ ಬಾಗಿಲಿನಂತೆ ಸದ್ದು ಮಾಡುತ್ತಿತ್ತು.

"ಇನ್‌ಸ್ಪೆಕ್ಟರು ಮೇದಪ್ಪ ಅಂತ. ಮಡಿಕೇರಿಯವ್ರು. ಮಿಲಿಟ್ರಿಯಲ್ಲಿ ಕ್ಯಾಪ್ಟನ್ ಆಗಿದ್ದವ್ರು. ಬಾಯಿ ಬಿಟ್ರೆ ಇಂಗ್ಲಿಷ್ ಅಂತೆ. ಅವ್ರು ಎಂತ ಹೇಳಿದ್ರೂ ನೀನು ಒಪ್ಪುದು. ಇಲ್ಲ ಅನ್ಬೇಡ, ಎದುರು ಮಾತಾಡ್ಬೇಡ. ಇಂಗ್ಲಿಷಲ್ಲೇ ಒಪ್ಪುದು."

"ಎಸ್ ಅಂತ ಹೇಳುದಾ ಧಣಿ?"

"ಎಸ್ ಅಂತ ಶಾಲೆ ಮಕ್ಕಳು ಹಾಜರಿಗೆ ಹೇಳುದು. ಸ್ವಲ್ಪ ತೂಕದ್ದು ಹೇಳು ಮಾರಾಯ."

ತೂಕದ್ದು ಸಿಗುವುದು ತಾಲೂಕು ಕಚೇರಿಯ ಎದುರಿನ ಗೋಳಿಮರದ ಅಡಿಯಲ್ಲಿ. ಅಲ್ಲಿ ಅರ್ಜಿ ಬರೆಯುವ ಮಹಾಗಣಪತಿ ಭಟ್ಟರು ಕೂರುತ್ತಿದ್ದರು. ಅವರ ಅರ್ಜಿಯನ್ನು ಓದಿ ಅರ್ಥಮಾಡಿಕೊಂಡ ಅಧಿಕಾರಿ ಈವರೆಗೆ ಇರಲಿಲ್ಲ, ಆದರೆ ತಿರಸ್ಕರಿಸುವ ಧೈರ್ಯವೂ ಯಾರಿಗೂ ಬಂದಿರಲಿಲ್ಲ.

"ನೋಡು ಪೋಕರ್," ಎಂದರು ಭಟ್ಟರು, ಲೇಖನಿ ಕಿವಿಗೆ ಸಿಕ್ಕಿಸಿ. "ಇಂಗ್ಲಿಷಲ್ಲಿ ಒಪ್ಪುದು ಅಂದ್ರೆ ಬಟ್ಟೆ ಹಾಕಿದ ಹಾಗೆ. ಜನ ನೋಡಿ ಹಾಕ್ಬೇಕು. 'ಓಕೆ' ಅಂದ್ರೆ ಬೈರಾಸು. ಜಗಲಿಯಲ್ಲಿ ಸುತ್ತಿಕೊಂಡು ಕೂರ್ಲಿಕ್ಕೆ ಆಯ್ತು, ಕಚೇರಿಗೆ ಆಗುದಿಲ್ಲ. 'ಆಲ್ ರೈಟ್' ಅಂದ್ರೆ ಲುಂಗಿ. ಪೇಟೆಗೆ ಆಗ್ತದೆ, ಮದುವೆಗೆ ಆಗುದಿಲ್ಲ. 'ಸರ್ಟನ್ಲಿ' ಅಂದ್ರೆ ಒಗೆದ ಶರ್ಟು. 'ಬೈ ಆಲ್ ಮೀನ್ಸ್' ಅಂದ್ರೆ ಕೋಟು."

"ಕ್ಯಾಪ್ಟನಿಗೆ ಕೋಟೇ ಇರ್ಲಿ ಭಟ್ರೇ. ಅದರ ಅರ್ಥ ಎಂತ?"

"ಅರ್ಥ ಕೇಳ್ಬೇಡ. ಅರ್ಥ ಗೊತ್ತಾದ್ರೆ ನಾಲಗೆ ತಡವರಿಸ್ತದೆ. ಕೋಟು ಹಾಕುವವ ಅದನ್ನು ಹೊಲಿದದ್ದು ಹೇಗೆ ಅಂತ ಕೇಳ್ತಾನಾ?"

ಪೋಕರ್ ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಮೈಮೇಲೆ ನೀರು ಹೊಯ್ದುಕೊಳ್ಳುತ್ತ ಕೋಟಿನ ಅಭ್ಯಾಸ ಶುರುಮಾಡಿದ. ಒಂದು ಕೊಡಕ್ಕೆ ಒಂದು 'ಬೈ ಆಲ್ ಮೀನ್ಸ್'. ಹೆಂಡತಿ ಪಾತು ಒಳಗಿನಿಂದ ಬಂದು ಕೇಳಿದಳು.

"ನೀವು ಮೀನಿಗೆ ಯಾಕೆ ಬೈಯುದು? ನಿನ್ನೆ ಎರಡು ಸಲ ಸಾರು ಹಾಕಿಸಿಕೊಂಡ್ರಲ್ಲ?"

"ಮೀನಿಗಲ್ಲ. ಇದು ಒಪ್ಪುವ ಮಾತು."

"ಒಪ್ಪುದಾದ್ರೆ ಬೈಯುದು ಯಾಕೆ?"

ಅಷ್ಟರಲ್ಲಿ ಬೇಲಿಯ ಆಚೆಯಿಂದ ಒಂದು ತಲೆ ಎದ್ದಿತು. ನೆರೆಮನೆಯ ದುಗ್ಗಮ್ಮ. ಇಪ್ಪತ್ತು ವರ್ಷದಿಂದ ಪುತ್ತೂರಿನ ಮಾರ್ಕೆಟಿನಲ್ಲಿ ಮೀನು ಕೊಂಡು ಇದೇ ಬಸ್ಸಿನಲ್ಲಿ ಕಡಬಕ್ಕೆ ಒಯ್ದು ಮಾರುವವಳು.

"ಪೋಕರ್ ಬ್ಯಾರಿ, ನನಗೆ ಕಿವಿ ಉಂಟು. 'ಬೈ, ಎಲ್ಲ ಮೀನಿಗೂ ಬೈ' ಅಂತ ಹೆಂಡತಿಗೆ ಹೇಳಿಕೊಡುದಾ? ಆಲ್ ಅಂದ್ರೆ ಎಲ್ಲ ಅಂತ ನನಗೂ ಗೊತ್ತುಂಟು, 'ಆಲ್ ಇಂಡಿಯಾ' ಅಂತ ರೇಡಿಯೋ ದಿನಾ ಬೊಬ್ಬೆ ಹಾಕ್ತದೆ. ಒಂದು ದಿನ ಒಂದು ಮೀನು ಸ್ವಲ್ಪ ಮೆತ್ತಗೆ ಇದ್ದದ್ದು ಹೌದು. ಅದಕ್ಕೆ ಎಲ್ಲ ಮೀನಿಗೂ ಬೈಯುದಾ?"

"ಅಲ್ಲ ದುಗ್ಗಕ್ಕ, ಇದು ಇಂಗ್ಲಿಷ್..."

"ಇಂಗ್ಲಿಷಲ್ಲಿ ಬೈದ್ರೆ ಅದು ಬೈಗುಳ ಅಲ್ವಾ?"

ಅಂದಿನಿಂದ ದುಗ್ಗಮ್ಮ ಆ ಮನೆಗೆ ಮೀನು ಕೊಡುವುದನ್ನು ನಿಲ್ಲಿಸಿದಳು. ಪಾತು ಮೂರು ದಿನ ಹುರುಳಿ ಸಾರು ಮಾಡಿದಳು. ಮೂರನೆಯ ದಿನ ತಟ್ಟೆಯನ್ನು ಇಟ್ಟ ಸದ್ದು ನಾಲ್ಕನೆಯ ಮನೆಗೆ ಕೇಳಿಸಿತು.

ಪೋಕರ್ ಹೆದರಲಿಲ್ಲ. ಬಸ್ಸಿನಲ್ಲಿಯೂ ಅಭ್ಯಾಸ ಮುಂದುವರಿಸಿದ. ಗುರುವಾರ ಮಡಿ ಸೀರೆಯ ಒಬ್ಬ ಅಜ್ಜಿ ಬಸ್ಸಿನ ಬಾಗಿಲಲ್ಲಿ ಕೇಳಿದರು: "ಈ ಬಸ್ಸು ಕಡಬಕ್ಕೆ ಉಂಟಾ?"

"ಬೈ ಆಲ್ ಮೀನ್ಸ್," ಎಂದ ಪೋಕರ್, ಎದೆಗೆ ಕೈಯಿಟ್ಟು.

ಅಜ್ಜಿ ಎತ್ತಿದ ಕಾಲನ್ನು ಇಳಿಸಿದರು. "ಎಲ್ಲ ಮೀನೇ ತುಂಬಿಸಿದ್ದಾ? ನಾನು ಬರುದಿಲ್ಲಪ್ಪ, ಇವತ್ತು ಏಕಾದಶಿ."

ಉಪ್ಪಿನಂಗಡಿಯಲ್ಲಿ ಒಬ್ಬರು "ಹೊರಡುವನಾ?" ಎಂದು ಕೇಳಿದಾಗ ಪೋಕರ್ ದರ್ಜೆ ಬದಲಾಯಿಸಿ "ಸರ್ಟನ್ಲಿ" ಎಂದ. ಬಸ್ಸು ಅಲ್ಲಾಡಲಿಲ್ಲ. ಐದು ನಿಮಿಷ ಕಳೆಯಿತು. ಪೋಕರ್ ಮುಂದೆ ಹೋಗಿ ನೋಡಿದರೆ ಸಂಕಪ್ಪ ಸ್ಟೀರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತ ಕೂತಿದ್ದ.

"ಸಂಕಪ್ಪಣ್ಣ, ಹೋಗುದಲ್ವಾ? ನಾನು ಹೇಳಿದೆನಲ್ಲ?"

"ನೀನು ಹೇಳಿದ್ದಾ ಅದು? ಸೊಂಯ್ ಅಂತ ಎಂತದೋ ಕೇಳಿತು. ಟಯರಿನ ಗಾಳಿ ಹೋಯ್ತು ಅಂತ ಮಾಡಿದೆ. ನೀನು ನೋಡಿ ಬರ್ತಿ ಅಂತ ಕೂತದ್ದು."

ಶನಿವಾರ ಬಂತು. ರೈಗಳು ತಮ್ಮ ಕಾರಿನಲ್ಲಿ ಬೆಳಿಗ್ಗೆಯೇ ಕಡಬಕ್ಕೆ ಹೋಗಿ ಹಾರ, ಎಳನೀರಿನ ಬೊಂಡ, ಕುರ್ಚಿ ಇಟ್ಟುಕೊಂಡು ಕಾದು ಕುಳಿತರು. ಮೇದಪ್ಪ ಸಾಹೇಬರು ಪುತ್ತೂರಿನಲ್ಲಿ ಬಸ್ಸು ಹತ್ತಿದರು. ಆರಡಿ ಆಳು, ಅದಕ್ಕೆ ತಕ್ಕ ಮೀಸೆ, ತಲೆಯ ಮೇಲೆ ಖಾಕಿ ಹ್ಯಾಟು, ಕೈಯಲ್ಲೊಂದು ನೋಟುಪುಸ್ತಕ. ಅವರು ಬಾಯಿ ಬಿಡುವ ಮೊದಲೇ ಪೋಕರ್ ಸೆಲ್ಯೂಟು ಹೊಡೆದು "ಗುಡ್ ಮಾರ್ನಿಂಗ್ ಸರ್, ಬೈ ಆಲ್ ಮೀನ್ಸ್ ಸರ್," ಎಂದುಬಿಟ್ಟ.

ಸಾಹೇಬರ ಹುಬ್ಬು ಮೇಲೇರಿತು. ಈ ಊರಿನ ಕಂಡಕ್ಟರಿಗೆ ಇಂಗ್ಲಿಷೇ ಅನುಕೂಲವೆಂದು ಅವರು ತಿಳಿದರು. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು.

ಬಸ್ಸಿನಲ್ಲಿ ಲೆಕ್ಕಕ್ಕಿಂತ ಹೆಚ್ಚು ಜನ ತುಂಬಿಸುತ್ತೀಯಾ ಎಂದು ಸಾಹೇಬರು ಕೇಳಿದರು. ಪೋಕರನಿಗೆ ತಿಳಿದದ್ದು 'ಪ್ಯಾಸೆಂಜರ್' ಎಂಬುದೊಂದೇ.

"ಸರ್ಟನ್ಲಿ ಸರ್," ಎಂದ.

ಸಾಹೇಬರು ಬರೆದುಕೊಂಡರು. ಬ್ರೇಕು ಕೆಟ್ಟಿದೆಯೇ ಎಂದು ಕೇಳಿದರು.

"ಬೈ ಆಲ್ ಮೀನ್ಸ್ ಸರ್."

ಅದನ್ನೂ ಬರೆದುಕೊಂಡರು. ಡ್ರೈವರು ಕುಡಿಯುತ್ತಾನೆಯೇ ಎಂದರು. ಪೋಕರ್ 'ಡ್ರೈವರ್' ಎಂಬ ಮಾತು ಕೇಳಿ, ಸಂಕಪ್ಪಣ್ಣನ ಬಗ್ಗೆ ಒಳ್ಳೆಯ ಅಭಿಪ್ರಾಯ ಕೊಡುವ ಸಂದರ್ಭ ಇದು ಎಂದು ಬಗೆದು, ಶರ್ಟಿನ ಮೇಲೆ ಕೋಟನ್ನೂ ಹಾಕಿದ. "ಸರ್ಟನ್ಲಿ ಸರ್! ಬೈ ಆಲ್ ಮೀನ್ಸ್!"

ಸಾಹೇಬರು ಪೆನ್ಸಿಲನ್ನು ನಾಲಗೆಗೆ ತಾಗಿಸಿ ಆ ವಾಕ್ಯದ ಕೆಳಗೆ ಎರಡು ಗೆರೆ ಎಳೆದರು. ಇಷ್ಟು ಪ್ರಾಮಾಣಿಕನಾದ ಕಂಡಕ್ಟರನನ್ನು ಅವರು ತಮ್ಮ ಸೇವೆಯಲ್ಲಿ ಕಂಡಿರಲಿಲ್ಲ.

ಹಿಂದಿನ ಸೀಟಿನಲ್ಲಿ ದುಗ್ಗಮ್ಮ ಕೂತಿದ್ದಳು. ಅವಳ ಬಂಗುಡೆ ಮೀನಿನ ಬುಟ್ಟಿ ಬಸ್ಸಿನ ತಲೆಯ ಮೇಲಿತ್ತು. ದಿನಾ ಅದನ್ನು ಹಗ್ಗ ಹಾಕಿ ಕಟ್ಟುವವನು ಪೋಕರ್. ಇವತ್ತು ಅವನು ಒಪ್ಪುವ ಗಡಿಬಿಡಿಯಲ್ಲಿ ಕಟ್ಟುವುದನ್ನು ಮರೆತಿದ್ದ. ದುಗ್ಗಮ್ಮ ಎರಡು ಸಲ ಸಹಿಸಿದಳು. ಮೂರನೆಯ ಸಲ ಎದ್ದು ನಿಂತಳು.

"ಪರವೂರಿನ ಸಾಹೇಬ್ರ ಎದುರಿನಲ್ಲೂ ನನ್ನ ಮೀನಿಗೆ ಬೈಯುದಾ? ಇನ್ನೊಂದು ಸಲ ಬಾಯಲ್ಲಿ ಮೀನಿನ ಸುದ್ದಿ ಬಂದ್ರೆ ನೋಡು ಬ್ಯಾರಿ, ಬುಟ್ಟಿ ಇಳಿಸಿ ನಿನ್ನ ತಲೆ ಮೇಲೆ ಕವುಚಿ ಹಾಕುದೇ!"

ಮಾತು ತುಳುವಿನಲ್ಲಿ ಬಂದದ್ದರಿಂದ ಇನ್ನೂ ನಾಲ್ಕು ಮಾತು ಹೆಚ್ಚಿಗೆ ಇದ್ದವು. ಅವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಲಂಕಾರಿನಲ್ಲಿ ಬಸ್ಸು ನಿಂತಾಗ ಸಾಹೇಬರು ಬಸ್ಸಿನ ಹಿಂಭಾಗ ಅಳೆಯಲು ಇಳಿದರು. ಪೋಕರ್ ಹಿಂದೆಯೇ ಇಳಿದ. ಸಾಹೇಬರು ಕಿಸೆಯಿಂದ ಅಳತೆಯ ಟೇಪು ತೆಗೆದು ಒಂದು ತುದಿಯ ಕೊಂಡಿಯನ್ನು ಬಂಪರಿಗೆ ಸಿಕ್ಕಿಸಿದರು. ಆಮೇಲೆ ತುಂಬ ಸೌಜನ್ಯದಿಂದ, ಇದನ್ನು ಸ್ವಲ್ಪ ಹಿಡಿದುಕೊಳ್ಳುತ್ತೀಯಾ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಒಪ್ಪಬೇಕು. ಪೋಕರ್ ಬಾಯಿ ತೆರೆದ. ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ಹಿಂದಿನ ಕಿಟಕಿಯಲ್ಲಿ ದುಗ್ಗಮ್ಮನ ಮುಖ ಇತ್ತು. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಬೈ ಎಂಬಲ್ಲಿಯವರೆಗೆ ಬಂದ ಕೋಟನ್ನು ಅವನು ನುಂಗಿದ. ಅದರ ಕೆಳಗಿನ ಒಗೆದ ಶರ್ಟನ್ನು ಹುಡುಕಿದ. ಸೊಂಯ್ ಎಂಬ ಸದ್ದು ನೆನಪಾಯಿತೇ ಹೊರತು ಮಾತು ನೆನಪಾಗಲಿಲ್ಲ. ಸಾಹೇಬರು ಟೇಪು ಹಿಡಿದು ಕಾಯುತ್ತಿದ್ದಾರೆ. ಎರಡನೆಯ ಬಸ್ಸು ಕಾಯುತ್ತಿದೆ. ಚೆಕ್ಕರನ ಸೀಟು ಕಾಯುತ್ತಿದೆ. ಉಳಿದದ್ದು ಲುಂಗಿ ಒಂದೇ. ದರ್ಜೆಯಲ್ಲಿ ಆದ ಕೊರತೆಯನ್ನು ಗಂಟಲಿನಲ್ಲಿ ತುಂಬಿಸಿಕೊಡುವ ಎಂದು ಪೋಕರ್ ಆಲಂಕಾರಿನ ಗುಡ್ಡಕ್ಕೆ ಕೇಳಿಸುವಂತೆ ಕೂಗಿದ:

"ಆಲ್ ರೈಟ್!"

ಬಸ್ಸು ಹೊರಟಿತು.

ಟೇಪು ಸರ್ರನೆ ಬಿಚ್ಚಿಕೊಂಡು, ಕೊನೆ ಮುಟ್ಟಿ, ಸಾಹೇಬರ ಕೈಯಿಂದ ಡಬ್ಬಿಯ ಸಮೇತ ಹಾರಿ ಬಸ್ಸಿನ ಹಿಂದೆ ಬಾಲದಂತೆ ಕುಣಿಯುತ್ತ ಹೋಯಿತು. "ಹೋಲ್ಡಾನ್! ಹೋಲ್ಡಾನ್!" ಎಂದು ಪೋಕರ್ ಓಡಿದ. ಆದರೆ ಇಂಜಿನ್ ಗರ್ಜಿಸುತ್ತಿತ್ತು. ಒಳಗಿನ ಜನ ಒಂದೇ ಸ್ವರದಲ್ಲಿ ಬೊಬ್ಬೆ ಹಾಕಿದರು. ಇಷ್ಟು ಮನೆಗಳು ಒಂದೇ ಕಡೆ ಎಲ್ಲಿಂದ ಬಂದವು ಎಂದು ಸಂಕಪ್ಪ ಆಶ್ಚರ್ಯಪಟ್ಟು ಗೇರ್ ಬದಲಾಯಿಸಿದ.

ಧೂಳು ಇಳಿಯಿತು. ರಸ್ತೆಯಲ್ಲಿ ಕ್ಯಾಪ್ಟನ್ ಮತ್ತು ಕಂಡಕ್ಟರ್ ಉಳಿದರು.

"ಎಂತ ಮಾರಾಯ ಇದು!" ಎಂದರು ಸಾಹೇಬರು, ಅಚ್ಚ ಕನ್ನಡದಲ್ಲಿ.

ಪೋಕರ್ ಸತ್ತು ಬದುಕಿದ. "ಸಾರ್, ನಿಮಗೆ ಕನ್ನಡ ಬರ್ತದಾ?"

"ಬಾರದೆ? ಸುಳ್ಯ ದಾಟಿದ್ರೆ ನಮ್ಮ ಊರಲ್ವಾ? ನೀನು ಇಂಗ್ಲಿಷಲ್ಲಿ ಶುರು ಮಾಡಿದೆ. ಪಾಪ, ಇವನಿಗೆ ಕನ್ನಡ ಬರುದಿಲ್ಲ ಅಂತ ನಾನು ಮಾಡಿದೆ."

ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಸಾಹೇಬರು ಕೇಳಿದರು. ಇದೇ ಬಸ್ಸು ಸಂಜೆ ನಾಲ್ಕಕ್ಕೆ ತಿರುಗಿ ಬರುವಾಗ ಎಂದ ಪೋಕರ್. ಬೇರೆ ಗಾಡಿ? ಒಂದು ಎತ್ತಿನ ಗಾಡಿ ಇದೆ, ಅದೂ ಸೌದೆ ಇದ್ದರೆ ಮಾತ್ರ. ಸಾಹೇಬರು ಹ್ಯಾಟು ಸರಿಮಾಡಿಕೊಂಡು ಕಡಬದ ಕಡೆ ಹೆಜ್ಜೆ ಹಾಕಿದರು. ಮಿಲಿಟ್ರಿಯ ನಡಿಗೆ. ಪೋಕರ್ ಮೊಣಕಾಲು ಕಿರುಗುಟ್ಟಿಸುತ್ತ ಹಿಂಬಾಲಿಸಿದ.

ಎರಡು ಫರ್ಲಾಂಗು ಹೋಗುವಾಗ ರಸ್ತೆಯ ನಡುವೆ ಒಂದು ಬಂಗುಡೆ ಮಲಗಿತ್ತು. ಹತ್ತು ಮಾರು ಆಚೆ ಇನ್ನೊಂದು. ತಿರುವಿನಲ್ಲಿ ಮೂರು ಒಟ್ಟಿಗೆ.

"ಅಲ್ಲಾ, ಬುಟ್ಟಿ ಕಟ್ಟಲಿಲ್ಲ!" ಎಂದು ಪೋಕರ್ ತಲೆಗೆ ಕೈಯಿಟ್ಟ. ಒಂದೊಂದೇ ಹೆಕ್ಕಿ ಧೂಳು ಕೊಡವಿದ. ಎರಡು ಕೈ ತುಂಬಿತು. ಟಿಕೇಟಿನ ಚೀಲದಲ್ಲಿ ಹಾಕುವ ಹಾಗಿಲ್ಲ. ಮೇಲೆ ಗಿಡುಗ ಸುತ್ತುತ್ತಿತ್ತು, ಹಿಂದೆ ಎರಡು ನಾಯಿ. ಪೋಕರ್ ಸಾಹೇಬರ ಹ್ಯಾಟನ್ನು ಒಮ್ಮೆ ನೋಡಿದ, ತಲೆ ತಗ್ಗಿಸಿದ, ಮತ್ತೆ ನೋಡಿದ.

"ಸಾರ್, ತಪ್ಪು ತಿಳಿಬಾರ್ದು. ಬಡವರ ಮೀನು. ಹಾಕ್ಲಿಕ್ಕೆ ಬೇರೆ ಎಂತ ಇಲ್ಲ. ನಿಮ್ಮ ಟೋಪಿ..."

ಸಾಹೇಬರು ಹ್ಯಾಟು ತೆಗೆದು ಮಗುಚಿ ಹಿಡಿದರು. "ಬೈ ಆಲ್ ಮೀನ್ಸ್," ಎಂದರು.

ಪೋಕರನಿಗೆ ನಗು ತಡೆಯಲಿಲ್ಲ. ಯಾಕೆ ನಗುವುದು ಎಂದು ಸಾಹೇಬರು ಕೇಳಿದರು. ಅವನು ಗೋಳಿಮರ, ಬೈರಾಸು, ಕೋಟು, ಬಾವಿಕಟ್ಟೆ, ಏಕಾದಶಿಯ ಅಜ್ಜಿ, ಮೂರು ದಿನದ ಹುರುಳಿ ಸಾರು ಎಲ್ಲವನ್ನೂ ಹೇಳಿದ. ಸಾಹೇಬರು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು, ಮೀನಿನ ಹ್ಯಾಟನ್ನು ಮಡಿಲಲ್ಲಿಟ್ಟುಕೊಂಡು, ಮೀಸೆ ಒದ್ದೆಯಾಗುವವರೆಗೆ ನಕ್ಕರು. ಆಮೇಲೆ ಕಣ್ಣೊರಸಿ ನೋಟುಪುಸ್ತಕ ತೆಗೆದರು.

"ಹಾಗಾದ್ರೆ ಬ್ರೇಕ್ ಕೆಟ್ಟಿದೆ ಅಂತ ಒಪ್ಪಿದೆಯಲ್ಲ?"

"ಅಯ್ಯೋ ಸಾರ್, ಹೋದ ತಿಂಗಳು ಹೊಸತು ಹಾಕಿದ್ದು. ನನ್ನ ಬಾಯಿಗೆ ಬ್ರೇಕ್ ಇರ್ಲಿಲ್ಲ."

"ಡ್ರೈವರು ಕುಡಿತಾನೆ ಅಂದೆ."

"ಸಂಕಪ್ಪಣ್ಣನಾ? ಚಾ ಸಹ ಕುಡಿಯುದಿಲ್ಲ ಸಾರ್, ಹೊಟ್ಟೆ ಉರಿ!"

"ಹೆಚ್ಚು ಜನ ತುಂಬಿಸ್ತೀರಿ ಅಂದೆ."

ಇಲ್ಲ ಎಂದರೆ ಚೆಕ್ಕರನ ಸೀಟು ಸಿಗಬಹುದು. ಪೋಕರ್ ಕೈಯಲ್ಲಿದ್ದ ಮೀನಿನ ಬಾಲವನ್ನು ಎರಡು ಸಲ ತಿರುಗಿಸಿದ.

"ಅದು ಹೌದು ಸಾರ್. ದಿನಾ ತುಂಬಿಸುದು. ಬೇರೆ ಬಸ್ಸಿಲ್ಲ, ಜನರನ್ನು ದಾರಿಯಲ್ಲಿ ಬಿಟ್ಟು ಹೋಗುದು ಹೇಗೆ?"

ದಾರಿಯಲ್ಲಿ ಬಿಟ್ಟುಹೋದ ಜನ ಮುಂದಿನ ತಿರುವಿನಲ್ಲೇ ಸಿಕ್ಕಿದರು. ಹೋಲ್ಡಾನ್ ಹೇಳುವವರಿಲ್ಲದೆ ಸಂಕಪ್ಪ ಅಲ್ಲಿಂದಾಚೆ ಎಲ್ಲಿಯೂ ನಿಲ್ಲಿಸಿರಲಿಲ್ಲ. ಜ್ವರದ ಗಂಡನನ್ನು ಡಾಕ್ಟರಿಗೆ ತೋರಿಸಲು ಹೊರಟ ಹೆಂಗಸು, ಕೋಳಿ ಹಿಡಿದ ಇಬ್ಬರು, ಕೋರ್ಟಿನ ಕಾಗದ ಹಿಡಿದ ಒಬ್ಬ, ಮದುಮಗಳ ಸೀರೆ ತರಲು ಹೊರಟ ಇಡೀ ಒಂದು ಮನೆ. ಎಲ್ಲರಿಗೂ ಸಿಟ್ಟು. ಪೋಕರನನ್ನು ಕಂಡು ಮೊದಲು ಬೈದರು, ನಂತರ ಜೊತೆಗೆ ನಡೆದರು. ಬಸ್ಸಿನ ಕಂಡಕ್ಟರೇ ನಡೆಯುತ್ತಿದ್ದಾನೆಂದರೆ ಇನ್ನು ಕಾದು ಪ್ರಯೋಜನವಿಲ್ಲ ಎಂಬುದು ಅವರ ನ್ಯಾಯ. ಜ್ವರದವನನ್ನು ದಾರಿಯಲ್ಲಿ ಸಿಕ್ಕಿದ ಸೌದೆ ಗಾಡಿಗೆ ಹತ್ತಿಸಿದರು. ಸಾಹೇಬರು ಒಬ್ಬೊಬ್ಬರನ್ನೂ ವಿಚಾರಿಸಿದರು: ದಿನಾ ಹೀಗೆಯೇ? ಎಷ್ಟು ಹೊತ್ತು ಕಾಯುತ್ತೀರಿ? ಸೀಟು ಸಿಗುತ್ತದೆಯೇ? ಕೊನೆಯ ಪ್ರಶ್ನೆಗೆ ಎಲ್ಲರೂ ನಕ್ಕರು. ಅದನ್ನೂ ಬರೆದುಕೊಂಡರು.

ಇತ್ತ ಕಡಬದಲ್ಲಿ ಬಸ್ಸು ಬಂದು ನಿಂತಾಗ ರೈಗಳು ಹಾರ ಹಿಡಿದು ಓಡಿದ್ದರು.

"ಸಂಕಪ್ಪ, ಸಾಹೇಬ್ರೆಲ್ಲಿ?"

"ಹಿಂದೆ ಉಂಟು ಧಣಿ."

"ಎಲ್ಲಿ ಹಿಂದೆ?"

ಸಂಕಪ್ಪ ಹನ್ನೆರಡು ವರ್ಷದಲ್ಲಿ ಮೊದಲ ಸಲ ಹಿಂದೆ ತಿರುಗಿ ನೋಡಿದ. ಹಿಂದೆ ಇದ್ದವಳು ದುಗ್ಗಮ್ಮ. ಅವಳು ಆಗಷ್ಟೇ ಬುಟ್ಟಿ ಇಳಿಸಿ ಒಳಗೆ ನೋಡಿದ್ದಳು. ಅವಳ ಮುಖ ಕಂಡು ಸಂಕಪ್ಪ ಕೂಡಲೇ ಮತ್ತೆ ಮುಂದಕ್ಕೆ ತಿರುಗಿದ.

ಒಂದೂವರೆ ಗಂಟೆಯ ಮೇಲೆ ರಸ್ತೆಯ ತುದಿಯಲ್ಲಿ ಧೂಳೆದ್ದಿತು. ಇಪ್ಪತ್ತೆಂಟು ಜನರ ಮೆರವಣಿಗೆ. ಎದುರಿನಲ್ಲಿ ಬರಿತಲೆಯ ಆರಡಿ ಆಳು, ಎರಡು ಕೈಯಲ್ಲಿ ಹ್ಯಾಟು ಹಿಡಿದು ಬರುತ್ತಿದ್ದ. ಯಾವುದೋ ಪಕ್ಷದವರು ಚಂದಾ ಎತ್ತುತ್ತ ಬಂದರೆಂದು ಅಂಗಡಿಯವರು ಒಳಗೆ ಸರಿದರು. ಹತ್ತಿರ ಬಂದಾಗ ಹ್ಯಾಟಿನಲ್ಲಿ ಬಂಗುಡೆ ಕಂಡಿತು. ರೈಗಳು ಸಾಹೇಬರಿಗೆಂದು ಇಟ್ಟ ಕುರ್ಚಿಯಲ್ಲಿ ತಾವೇ ಕೂತರು.

ದುಗ್ಗಮ್ಮ ಜನರನ್ನು ಸೀಳಿಕೊಂಡು ಬಂದಳು.

"ಸಾಹೇಬ್ರೆ, ನೀವೇ ಹೇಳಿ. ಇವ ನನ್ನ 'ಮೀನಿಗೆ ಬೈ' ಅಂತ ಹೇಳಿದ್ದು ಹೌದಾ ಅಲ್ವಾ?"

"ಅದು ಬೈಗುಳ ಅಲ್ಲಮ್ಮ. 'ಧಾರಾಳವಾಗಿ ಆಗ್ಲಿ' ಅಂತ ಅದರ ಅರ್ಥ. ತಕೊಳ್ಳಿ, ನಿಮ್ಮ ಮೀನು. ಇವ ಗಿಡುಗನ ಬಾಯಿಂದ ತಪ್ಪಿಸಿ ಹೆಕ್ಕಿದ್ದು."

ದುಗ್ಗಮ್ಮ ಮೀನನ್ನು ಬುಟ್ಟಿಗೆ ಸುರಿದು ಪೋಕರನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಧಾರಾಳ ಅಂತ ಹೇಳ್ಲಿಕ್ಕೆ ಮೀನಿಗೆ ಬೈಯುದಾ! ಎಂತ ಜಾತಿ ಭಾಷೆ ಮಾರಾಯ್ರೆ! ಅದಕ್ಕೇ ಇರ್ಬೇಕು ಆ ಇಂಗ್ಲಿಷಿನವರು ಊರು ಬಿಟ್ಟು ಹೋದದ್ದು." ಮತ್ತೆ ಎರಡು ಬಂಗುಡೆ ಎತ್ತಿ ಅವನ ಕೈಯಲ್ಲಿಟ್ಟಳು. "ಪಾತುವಿಗೆ ಕೊಡು. ಆ ಹುರುಳಿಯ ಘಾಟು ಬೇಲಿ ದಾಟಿ ನಮ್ಮಲ್ಲಿಗೂ ಬರ್ತಾ ಉಂಟು."

ಮುಂದಿನ ತಿಂಗಳು ಸಾಹೇಬರ ವರದಿ ಬಂತು. ಭಟ್ಟರು ಗೋಳಿಮರದ ಅಡಿಯಲ್ಲಿ ಅದನ್ನು ಓದಿ, ಇದು ತೀರಾ ಸುಲಭವಾದ ಇಂಗ್ಲಿಷ್, ಕೋಟಿಲ್ಲ, ಶರ್ಟಿಲ್ಲ ಎಂದು ಬೇಸರಪಟ್ಟರು. ಈ ದಾರಿಯಲ್ಲಿ ಇನ್ನೊಂದು ಬಸ್ಸು ಅಗತ್ಯವೆಂದು ತಾನು ಐದು ಮೈಲಿ ಸ್ವತಃ ನಡೆದು ಕಂಡುಕೊಂಡಿದ್ದೇನೆ, ಮೊದಲ ಬಸ್ಸಿಗೆ ಕೂಡಲೇ ಗಂಟೆ ಹಾಕಿಸತಕ್ಕದ್ದು ಎಂದು ಅದರಲ್ಲಿತ್ತು. ಪರ್ಮಿಟ್ ಸಿಕ್ಕಿತು. ರೈಗಳು ಕೊಟ್ಟ ಮಾತು ಉಳಿಸಿಕೊಂಡರು. ಏಪ್ರಿಲ್ ಒಂದನೆಯ ತಾರೀಕು ಬೆಳಿಗ್ಗೆ ಏಳೂವರೆಗೆ ಚೆಕ್ಕರ್ ಪೋಕರ್ ಹೊಸ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ. ಪುತ್ತೂರಿನಿಂದ ಕಡಬದವರೆಗೆ ಒಮ್ಮೆಯೂ ಏಳಲಿಲ್ಲ. ಯಾರ ಟಿಕೇಟನ್ನೂ ನೋಡಲಿಲ್ಲ. ಕೂತದ್ದೇ ಕೂತದ್ದು.

ಇದಕ್ಕೆಲ್ಲ ಕಳೆದುಹೋದದ್ದು ಇಷ್ಟು: ಒಂದು ಅಳತೆಯ ಟೇಪು, ಒಂದು ಖಾಕಿ ಹ್ಯಾಟು, ಒಂದು ಜೊತೆ ಬೂಟಿನ ಅಟ್ಟೆ, ಗಿಡುಗಕ್ಕೆ ಆರು ಮತ್ತು ನಾಯಿಗಳಿಗೆ ಹದಿಮೂರು, ಹೀಗೆ ಹತ್ತೊಂಬತ್ತು ಬಂಗುಡೆ.